ಹಿಂದಕ್ಕ ಎರಡು ಮಾರು

ತಾಳಿಕೋಟಿ ದಾಟಿ ಡೋಣಿ ದಂಡೀಗೆ
ಟಿಸಿ ಸುಟ್ಟೈತಂತ ಫೋನು ಬಂದಾಗ ರಾತ್ರಿ ಒಂಬತ್ತು.
ಮಿಲಿಟರಿ ಹರಾಜಿನ್ಯಾಗ ಬಂದ ಹಳೇ ಟ್ರಕ್ಕು,
ಹಿಂದ ಟ್ರಾನ್ಸ್‌ಫಾರ್ಮರು, ಅದರ ಮ್ಯಾಲ ತಾಡಪಾಲು,
ಬಾಜೂಕ ಲೈನ್‌ಮನ್ ಯಮನೂರಪ್ಪನ ಗೊರಕಿ.

ಮಳಿ ನಿಂತಿತ್ತು. ಎರಿ ನಿಂತಿರಲಿಲ್ಲ.
ಒಣಗಿದಾಗ ಬಾಯಿ ಬಿಡೂ ಈ ಮಣ್ಣು
ನೆನೆದಾಗ ಕಾಲು ಹಿಡೀತೈತಿ,
ಉಣ್ಣಿಸದ ಕಳಸದ ಬೀಗರ ಹಂಗ.

ಹೊಲದ ದಾರಿ ನಟ್ಟನಡುವ
ನಮ್ಮ ಕಡೆ ಮಾರಿ ಮಾಡಿ ನಿಂತಿತ್ತು ಒಂದು ಬಿಳೀ ಪಿಕಪ್ಪು,
ಗಾಳಿಪಂಖದ ಕಂಪನೀದು, ಹೊಸಾದು.
ಇಂಜಿನ್ನು ಚಾಲೂ ಐತಿ, ಲೈಟೂ ಐತಿ, ಮುಂದ ಬರವಲ್ದು.
ಇಳಿದು ನಿಂತಾಕಿ ರೋಹಿಣಿ ರಾಠೋಡ, ತಾಂಡಾದ ಹುಡುಗಿ,
ಮೊಣಕಾಲತನಕ ಕೆಸರು, ಬಾಯಾಗ ಇನ್ನೂ ನಗಿ.

"ಇದು ಆಲ್ ವೀಲ್ ಕಾಕಾ. ನಾಲ್ಕೂ ಗಾಲಿಗೆ ಯಾವತ್ತೂ ಜೋರು ಹೋಗತೈತಿ.
ಯಾವುದಕ್ಕ ಎಷ್ಟಂತ ಅದ ಲೆಕ್ಕ ಹಾಕತೈತಿ.
ನಾ ಕೇಳೂದಿಲ್ಲ, ಅದು ಹೇಳೂದಿಲ್ಲ."

ಲೆಕ್ಕ ನಡದಿತ್ತು. ಹಳದಿ ದೀಪ ಮಿಣುಕ್ ಮಿಣುಕ್.
ಎಡಗಾಲಿ ಜಾರಿದ್ರ ಅದಕ್ಕ ಬ್ರೇಕು ಹಿಡಿದು
ಬಲಗಾಲಿಗೆ ಕೊಟ್ಟು ನೋಡತಿತ್ತು,
ಅದೂ ಜಾರಿದ್ರ ಹಿಂದಿನದಕ್ಕ;
ಇದ್ದ ಒಂದ ರೊಟ್ಟಿ ನಾಕ ತಾಟಿಗೆ ಸರಿಸಿ ಸರಿಸಿ
ಯಾರ ಹೊಟ್ಟೀನೂ ತುಂಬದ ಹಂಗ.

ಡಾಂಬರಿನ ಮ್ಯಾಲ ಅದರಂಥಾ ಶಾಣ್ಯಾ ಇಲ್ಲ, ಒಪ್ಪತೀನಿ.
ಮುದ್ದೇಬಿಹಾಳದ ದಾರ್ಯಾಗ, ತೊಯ್ದ ಹುಣಸಿ ಎಲಿ ಬಿದ್ದ ತಿರುವಿನ್ಯಾಗ,
ನೀ ತಪ್ಪು ಮಾಡೂಕಿಂತ ಮೊದಲ ತಿದ್ದಿರತೈತಿ.
ನಂದಕ್ಕ ಅಷ್ಟು ಬುದ್ಧಿ ಇಲ್ಲ. ಒಂದು ಕೋಲು ಐತಿ.
ಗೇರಿನ ಬಾಜೂಕ, ಗುಂಡಿನ ಮ್ಯಾಲಿನ ಅಕ್ಷರ ಸವೆದು ಹೋಗ್ಯಾವ,
ಅಂಗೈಗೆ ಮಾತ್ರ ಓದಾಕ ಬರತಾವ.
ಒಣಾ ರಸ್ತೇದಾಗ ಹಿಂದಿನ ಗಾಲಿ ದುಡೀತಾವ,
ಮುಂದಿನವು ದಿಬ್ಬಣದ ಮಂದಿ ಹಂಗ ಸುಮ್ಮ ಉರುಳತಾವ.
ಕೋಲು ಜಗ್ಗಿದ್ನೋ,
ಮುಂದಿನ ಅಚ್ಚು ಹಿಂದಿನ ಅಚ್ಚು ಒಂದ ಮಾತು:
ನೀ ಎಷ್ಟು ತಿರಗತಿ, ನಾನೂ ಅಷ್ಟ.
ಇನ್ನೊಂದು ಮನಿ ಇಳಿಸಿದ್ರ
ಇಂಜಿನ್ನು ಓಡೂದು ಮರೆತು ಹೊರೂದು ನೆನಸತೈತಿ.

ಸರಪಳಿ ಕಟ್ಟಿದ್ವಿ. ಯಮನೂರಪ್ಪ ಎದ್ದು ಯಾರನ್ನೋ ಬೈದ.
ಎರಿ ಮೊದಲ ಬಿಡಲಿಲ್ಲ.
ಆಮ್ಯಾಲ ಚಪ್ಪ್ ಅಂತ ಒಂದ ಸಪ್ಪಳ.

ಹುಡುಗಿ ಮನೀಗೆ ಹೋಗಲಿಲ್ಲ.
ಗಾಡಿ ಗಟ್ಟಿ ನೆಲಕ್ಕ ನಿಲ್ಲಿಸಿ, ಬ್ಯಾಟರಿ ಹಿಡಿದು ಬಂದು,
ನಾವು ಟಿಸಿ ಏರಿಸೂತನಕ ಕಂಬಕ್ಕ ಬೆಳಕು ಹಿಡದ್ಲು.

ತಿರುಗಿ ಬರುವಾಗ ಎರಡು ಗಂಟಿ.
ನಾ ಮುಂದ, ಆಕಿ ಹಿಂದ. ನನ್ನ ಮೀಸಿ ಎಲ್ಲಾರಿಗಿಂತ ಮುಂದ.
ಹಡಗಿನಾಳದ ತಿರುವಿನ್ಯಾಗ ಸ್ಟೇರಿಂಗು ಬಿಗೀತು,
ಕೆಳಗ ಕಟ್, ಕಟ್, ಟಾಯರು ಕಿರಚಿತು.
ತಿರುವಿನ್ಯಾಗ ಮುಂದಿನ ಗಾಲೀದು ದೊಡ್ಡ ಸುತ್ತು, ಹಿಂದಿನದು ಸಣ್ಣದು.
ಕೆಸರಿನ್ಯಾಗಾದ್ರ ಒಂದೀಟು ಜಾರಿ ಹೊಂದಿಕೋತಾವ,
ಡಾಂಬರು ಜಾರಾಕ ಬಿಡೂದಿಲ್ಲ.

ಆಕಿ ಇಳಿದು ಬಂದು ಕಿಡಕಿ ಬಡದ್ಲು.
"ಫೋರ್ ವೀಲ್ ಬಿಟ್ಟಿಲ್ಲ ಕಾಕಾ ನೀವು."

ಜಗ್ಗಿದೆ. ಬರವಲ್ದು. ಎರಡೂ ಕೈಲೆ ಜಗ್ಗಿದೆ.
ಮೂವತ್ತೊಂದು ವರ್ಷದ ಕೈ.
ಹಸೀ ಹಗ್ಗದ ಗಂಟಿನ ಹಂಗ ಕಚ್ಚಿಕೊಂಡು ಕುಂತಿದ್ದು ಒಳಗಿನ ಹಲ್ಲು.
ಇದಕ್ಕ ಜೋರು ನಡ್ಯಾಂಗಿಲ್ಲ.
ರಿವರ್ಸು ಹಾಕಿ, ಬಂದ ದಾರೀಲೆ
ಎರಡು ಮಾರು ಹಿಂದಕ್ಕ ಹೋಗಬೇಕು, ಅಷ್ಟ.
ಗೊತ್ತಿತ್ತು ನನಗ. ಆಕಿ ಮುಂದ ಹೋಗೂದು ಬ್ಯಾಡಾಗಿತ್ತು.

ಹಿಂದ ನಿಂತು ಬ್ಯಾಟರಿ ತೋರಿಸಿದ್ಲು:
ಬರ್ರಿ, ಬರ್ರಿ, ಬರ್ರಿ, ಸಾಕು.
ಕೋಲು ತಾನ ಬಂದು ಕೈಯಾಗ ಬಿತ್ತು.

ಕಿಡಕ್ಯಾಗಿಂದ ಕೈ ಹಾಕಿ
ಆ ಸವೆದ ಗುಂಡು ಒಮ್ಮೆ ಮುಟ್ಟಿ ನೋಡಿದ್ಲು.
"ಬೆಚ್ಚಗೈತಿ ಕಾಕಾ," ಅಂದ್ಲು.