ಹೆಸರು ಹೇಳು

ಅಜ್ಜಿಯ ಮೈಮೇಲೆ ಗಂಗಮ್ಮ ಬರುತ್ತಿದ್ದುದು ಮಂಗಳವಾರ,
ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಮುಗಿದು
ಚರಕಗಳು ನಿಂತು, ಬಾಣಲೆಯ ನೀರು ಆರುವ ಹೊತ್ತಿಗೆ.
ಬೀದಿಯ ಹೆಂಗಸರು ಬೇವಿನಸೊಪ್ಪು, ತಂಬಿಟ್ಟು ಹಿಡಿದು ಕೂರುತ್ತಿದ್ದರು.
ಅವಳು ಕೂದಲು ಬಿಚ್ಚಿ, ತೆಲುಗಿನಲ್ಲಿ ಗದರಿ,
ಯಾರ ಸೊಸೆ ತವರಿನಿಂದ ವಾಪಸು ಬರುತ್ತಾಳೆ,
ಯಾರ ಹಸು ಕಂದು ಹಾಕುತ್ತದೆ, ಎಲ್ಲ ಹೇಳುತ್ತಿದ್ದಳು.
ನಾವು ಕಾಲಿಗೆ ಬೀಳುತ್ತಿದ್ದೆವು.
ಬುಧವಾರ ಬೆಳಿಗ್ಗೆ ಏನೂ ಆಗದವಳಂತೆ
ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

ಶಿಡ್ಲಘಟ್ಟದಲ್ಲಿ ಯಾರೂ ಅವಳನ್ನು ಹುಚ್ಚಿ ಎನ್ನಲಿಲ್ಲ.

ಅಣ್ಣನಿಗೆ ಮಾತು ಕೇಳಿಸತೊಡಗಿದ್ದು ಇಪ್ಪತ್ತಾರರಲ್ಲಿ.
ಚರಕದ ಗಿರಗಿರದೊಳಗೆ,
ಗೂಡು ಕುದಿಯುವ ಗುಳುಗುಳದೊಳಗೆ
ಯಾರೋ ಲೆಕ್ಕ ಕೇಳುತ್ತಿದ್ದರಂತೆ:
ಎಷ್ಟು ಹುಳ? ಇವತ್ತು ಎಷ್ಟು ಹುಳ?
ಅವನು ಎಣಿಸಿದ. ರಾತ್ರಿ ಮೂರು ಗಂಟೆಗೆ
ಗೋಡೆಗೆ ಮುಖ ಮಾಡಿ ಎಣಿಸಿದ.
ಊಟದ ತಟ್ಟೆಯಲ್ಲಿ ಅನ್ನದ ಅಗುಳು ಎಣಿಸಿ
ಒಂದನ್ನೂ ತಿನ್ನದೆ ಎದ್ದ.

ಇದಕ್ಕೊಂದು ಪದ ಬೇಕಿತ್ತು ನಮಗೆ.
ಗಾಳಿ, ಎಂದಳು ಅತ್ತೆ. ತೆಲುಗಿನಲ್ಲೂ ಗಾಲಿಯೇ,
ಹಾಗಾಗಿ ಮನೆಯಲ್ಲಿ ತರ್ಜುಮೆಯ ತೊಂದರೆ ಇರಲಿಲ್ಲ.
ಮಾಟ, ಎಂದರು ಎದುರು ಮನೆಯವರು,
ನಮ್ಮ ಪಕ್ಕದ ಮನೆಯ ಕಡೆ ಕಣ್ಣು ಹಾಯಿಸಿ.
ಮದುವೆ ಮಾಡಿ ಸರಿಹೋಗ್ತಾನೆ, ಎಂದವರು ಹನ್ನೊಂದು ಜನ.
(ಅಣ್ಣನ ಹಾಗೆ ನಾನೂ ಎಣಿಸಿದ್ದೆ.)
ಸೋಮಾರಿ, ಎಂದ ಅಪ್ಪ. ಒಂದೇ ಸಲ.
ಆಮೇಲೆ ಅವನೂ ಗೋಡೆ ನೋಡಿದ.

ಮುರುಗಮಲ್ಲದ ದರ್ಗಾಕ್ಕೆ ಹೋದೆವು ಮೂರು ಗುರುವಾರ.
ಸಾಂಬ್ರಾಣಿ ಹೊಗೆ, ತಲೆಯ ಮೇಲೆ ನವಿಲುಗರಿಯ ತಟ್ಟು.
ಅಣ್ಣ ಹಾಗೇ ಇದ್ದ.
ಆದರೆ ಕಲ್ಲುಹಾಸಿನ ಮೇಲೆ ಮದನಪಲ್ಲಿಯ ಹೆಂಗಸೊಬ್ಬಳು
ತನ್ನ ಕ್ಯಾರಿಯರ್ ಬಿಚ್ಚಿ ಅಮ್ಮನಿಗೆ ಅನ್ನ ಕೊಟ್ಟಳು,
"ನಿಮ್ ಹುಡುಗನಿಗೂನಾ?" ಎಂದಳು, ಅಷ್ಟೇ.
ಅಮ್ಮ ಆ ರಾತ್ರಿ ನಿದ್ದೆ ಮಾಡಿದಳು,
ನಾಲ್ಕು ತಿಂಗಳ ಮೇಲೆ.

ಬೆಟ್ಟದ ಕೆಳಗಿನ ಪೂಜಾರಿಯ ಕೈಯಲ್ಲಿ ಬೆತ್ತವಿತ್ತು.
ಹೆಸರು ಹೇಳು!
ಮುನಿಯಂಜಿನಪ್ಪ.
ನಿಜವಾದ ಹೆಸರು ಹೇಳು! ಯಾರು ನೀನು, ಎಲ್ಲಿಂದ ಬಂದೆ?
ಬೆತ್ತ ಬಿತ್ತು.
ಮುನಿಯಂಜಿನಪ್ಪ. ತಂದೆ ದೊಡ್ಡಪಿಳ್ಳಪ್ಪ.
ರೇಷನ್ ಕಾರ್ಡಿನಲ್ಲಿ ಮೂರನೆಯವನು.

ನನಗೆ ನಗು ಬಂತು.
ಆ ನಗುವನ್ನು ಇನ್ನೂ ಎಲ್ಲೂ ಒಪ್ಪಿಸಿಲ್ಲ ನಾನು,
ಯಾವ ಹುಂಡಿಯಲ್ಲೂ.

ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆಯಲ್ಲಿ
ನನಗಿಂತ ಚಿಕ್ಕವಳಂತೆ ಕಂಡ ಡಾಕ್ಟರು
ಚೀಟಿ ಎಳೆದುಕೊಂಡು ಮೊದಲು ಕೇಳಿದ್ದೂ ಅದನ್ನೇ:
ಹೆಸರು ಹೇಳಿ?
ಅಣ್ಣ ಎರಡೂ ಅಂಗೈ ಕಂಕುಳಲ್ಲಿ ಬಚ್ಚಿಟ್ಟ.
ಆಕೆ ನೋಡಿದಳು. ಪೆನ್ನು ಕೆಳಗಿಟ್ಟಳು.
ಹೊರಗೆ ಟೋಕನ್ ಹಿಡಿದವರು ಗೊಣಗುತ್ತಿದ್ದರು,
ಆಕೆ ಸುಮ್ಮನೆ ಕಾದಳು.

ಈಗ ಮಾತ್ರೆ ಗಂಗಮ್ಮನ ಫೋಟೊ ಹಿಂದೆ ಇರುತ್ತದೆ.
ಸ್ಟ್ರಿಪ್ಪಿಗೂ ಕುಂಕುಮ. ತೀರ್ಥದ ಜೊತೆ ಕೊಡುತ್ತಾಳೆ ಅಮ್ಮ,
ಅವನು ಕಣ್ಣಿಗೊತ್ತಿಕೊಂಡು ನುಂಗುತ್ತಾನೆ.
ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ
ಅದು ಶುಗರ್ ಮಾತ್ರೆ.
ಅವರು ಬರುವುದು ನಿಂತ ಮೇಲೂ ಶುಗರ್ ಮಾತ್ರೆಯೇ.

ಅಣ್ಣ ಬಾಣಲೆಯ ಹತ್ತಿರ ಹೋಗುವುದಿಲ್ಲ.
ಅಂಗಳದಲ್ಲಿ ಕೂತು ಗೂಡು ಆರಿಸುತ್ತಾನೆ,
ಕಲೆಯಾದವು ಒಂದು ಕಡೆ, ಜೋಡಿಗೂಡು ಒಂದು ಕಡೆ.
ಕೆಲವು ದಿನ ಎಣಿಸುತ್ತಾನೆ, ಕೆಲವು ದಿನ ಇಲ್ಲ.
ಕೆಲವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ.

ಮೊನ್ನೆ ಮಂಗಳವಾರ, ಕರೆಂಟು ಹೋಗಿ
ಬೀದಿಯ ಚರಕವೆಲ್ಲ ಒಟ್ಟಿಗೇ ನಿಂತಾಗ
ತಲೆ ಎತ್ತದೆ ಕೇಳಿದ:
"ಪಾಪೀ, ಅಮ್ಮನವರು ಬರೋವಾಗ
ಅಜ್ಜಿಗೆ ಭಯ ಆಗ್ತಿತ್ತಾ?"

ಅಷ್ಟು ವರ್ಷ ಕಾಲಿಗೆ ಬಿದ್ದಿದ್ದೆವು.
ಕೇಳಿರಲಿಲ್ಲ.