ಕದಲಿದ ಚಿತ್ರ

ಮೈಯೊಳಗೆ ಕಬ್ಬಿಣವೇನಾದರೂ ಇದೆಯೇ ಎಂದು
ಎಲ್ಲರನ್ನೂ ಕೇಳುವಂತೆ ಕೇಳಿದೆ.
ಮೊಳೆ, ಕ್ಲಿಪ್ಪು, ಹಳೆಯ ಚೂರು, ಏನಾದರೂ?
ಎಲ್ನಾ ಲಾಂತ್ತೊ ನಕ್ಕಳು.
"ಮೂವತ್ತೊಂದು ವರ್ಷ ಅದಿರಿನ ರೈಲು ಓಡಿಸಿದವಳು,
ಕಿರುನಾದ ಗಣಿಯಿಂದ ನಾರ್ವಿಕ್ ಬಂದರಿಗೆ,
ಅರವತ್ತೆಂಟು ವ್ಯಾಗನ್ನು ಬೆನ್ನಿಗೆ ಕಟ್ಟಿಕೊಂಡು.
ಒಳಗೆ ಎಷ್ಟು ಹೋಗಿದೆಯೋ
ನೀನೇ ನೋಡಿ ಹೇಳಬೇಕು, ಮಗೂ."

ನಮೂನೆಯಲ್ಲಿ ಇಲ್ಲ ಎಂಬಲ್ಲಿ ಗುರುತು ಹಾಕಿದೆ.

ಉಮೆಯೊ ಆಸ್ಪತ್ರೆಯ ನೆಲಮಾಳಿಗೆ. ರಾತ್ರಿ ಹತ್ತೂವರೆ.
ಜೂನ್ ತಿಂಗಳು; ಹೊರಗೆ ಬೆಳಕು ಇನ್ನೂ
ಸೈಕಲ್ ಸ್ಟ್ಯಾಂಡಿಗೆ ಒರಗಿಕೊಂಡೇ ಇದೆ.
ರಾತ್ರಿಯಾದದ್ದು ಆಕಾಶಕ್ಕೆ ಗೊತ್ತಿಲ್ಲ,
ಇವಳ ಮೀನಖಂಡಕ್ಕೆ ಗೊತ್ತು.
ಅದಕ್ಕೇ ಈ ಹೊತ್ತಿಗೆ ಕರೆಸಿದ್ದು.
ಹಗಲಲ್ಲಿ ಈ ಕಾಯಿಲೆ ಸಾಧುಪ್ರಾಣಿ.

ನೋವೇ? ಅಲ್ಲ. ಜೋಮೇ? ಅಲ್ಲ.
ತುರಿಸೋಣವೆಂದರೆ ಚರ್ಮದಲ್ಲಿಲ್ಲ ಅದು.
"ಮೂಳೆಯೊಳಗೆ ಯಾರೋ
ಸೋಡಾ ಬಾಟಲಿ ತೆರೆದ ಹಾಗೆ" ಎಂದಳು,
ಆಮೇಲೆ ತಾನೇ ಆ ಮಾತನ್ನು ಹಿಂತೆಗೆದುಕೊಂಡಳು.
"ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಹೋಗುತ್ತದೆ.
ಮಲಗಿದರೆ ಬರುತ್ತದೆ. ಅಷ್ಟೇ ನನಗೆ ಗೊತ್ತಿರುವುದು."
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಂತೆ.
ಈ ಕಾಲಿಗೆ ಹಾಸಿಗೆ ಸಾಲದು, ಅಡುಗೆಮನೆ ಸಾಲದು,
ಮೆಟ್ಟಿಲು, ಬೀದಿ, ಬೀದಿಯ ಕೊನೆಯ ದೀಪದ ಕಂಬ.
ಗಂಡ ಈರೊ ಪಕ್ಕದ ಕೋಣೆ ಸೇರಿ ಹನ್ನೆರಡು ವರ್ಷ.

ಎಂಜಿನ್ನಿನಲ್ಲಿ ಒಂದು ಪೆಡಲಿತ್ತಂತೆ.
ಓಡಿಸುವವರು ಎಚ್ಚರವಿದ್ದಾರೆಂದು ಗಾಡಿಗೆ ತಿಳಿಯಲು
ಆಗಾಗ ಒತ್ತುತ್ತಿರಬೇಕು; ಮರೆತರೆ
ಅಷ್ಟು ಸಾವಿರ ಟನ್ನು ತಾನಾಗಿ ನಿಂತುಬಿಡುತ್ತದೆ.
"ಒಮ್ಮೆಯೂ ಮರೆಯಲಿಲ್ಲ ನಾನು.
ಈಗ ಗಾಡಿಯಿಲ್ಲ, ಪೆಡಲಿಲ್ಲ,
ಕಾಲು ಮಾತ್ರ ಕೆಲಸಕ್ಕೆ ಹೋಗುತ್ತಿದೆ."

ಅವಳ ಊರೂ ಹಾಗೆಯೇ. ಅಡಿಯಲ್ಲಿ ಅದಿರು ತೆಗೆದು ತೆಗೆದು
ನೆಲ ಬಿರಿದು, ಮನೆಗಳು ಎದ್ದು ಮೂಡಣಕ್ಕೆ ಹೊರಟವು.
ಚರ್ಚು ಕೂಡ ಗಾಲಿಗಳನ್ನು ಏರಿ
ಎರಡು ದಿನ ತೆವಳಿ ಹೊಸ ಜಾಗದಲ್ಲಿ ಕೂತಿತು.
ಕಾಲಿಗೆ ಚಕ್ರ ಕಟ್ಟಿಕೊಂಡ ಊರು ಎಂದೆ.
"ಅದಾದರೂ ಕೂತಿತಲ್ಲ" ಎಂದಳು ಎಲ್ನಾ.

ಅಲುಗದೆ ಇರಲಾರದವರನ್ನು ಆರಿಸಿ ಕರೆತಂದು
ಹನ್ನೊಂದು ನಿಮಿಷ ಅಲುಗಬೇಡಿ ಎನ್ನುವುದು ನನ್ನ ಉದ್ಯೋಗ.
ಕೈಗೆ ರಬ್ಬರಿನ ಗುಂಡು ಕೊಟ್ಟೆ: ತಾಳಲಾಗದಿದ್ದರೆ ಹಿಸುಕಿ.
ತಲೆಯ ಇಕ್ಕೆಲದಲ್ಲಿ ಸ್ಪಂಜು. ಮಂಚ ಒಳಗೆ ಸರಿಯಿತು.

ಧಡ ಧಡ ಧಡ. ಟಿಕ್. ಮತ್ತೆ ಧಡ ಧಡ.
ಗಾಜಿನಾಚೆ ಹಸಿರು ಉಣ್ಣೆಯ ಎರಡು ಕಾಲುಚೀಲ.
ನಾಲ್ಕನೆಯ ನಿಮಿಷಕ್ಕೆ ಎಡಗಾಲಿನ ಹೆಬ್ಬೆರಳು
ಮೇಲೆದ್ದು, ನಿಧಾನವಾಗಿ, ಕೆಳಗೆ.
ಪೆಡಲು.
ಗುಂಡು ಹಿಸುಕಲಿಲ್ಲ ಅವಳು.

ಪರದೆಯಲ್ಲಿ, ಮಿದುಳಿನ ನಟ್ಟನಡುವೆ,
ಕಪ್ಪಗೆ ಕಾಣಬೇಕಾದ ಎರಡು ಪುಟ್ಟ ಗೆರೆ.
ಕಬ್ಬಿಣವಿದ್ದಲ್ಲಿ ಕಪ್ಪು. ಅವಳಲ್ಲಿ
ಹತ್ತಾರು ಒಗೆತ ಕಂಡ ಕರಿ ಅಂಗಿಯ ಬಣ್ಣ.
ರಕ್ತದಲ್ಲಿ ಬೇಕಾದಷ್ಟಿದೆ ಎನ್ನುತ್ತದೆ ವರದಿ;
ಮಿದುಳಿನ ಹೊಸ್ತಿಲು ಏಕೋ ದಾಟುತ್ತಿಲ್ಲ.
ಬೆಟ್ಟವನ್ನೇ ಬಂದರಿಗೆ ಸಾಗಿಸಿದವಳಿಗೆ
ಈ ಚಿಟಿಕೆ ತಲುಪಲಿಲ್ಲ ಎಂದು
ಬರೆಯಲು ಕೈ ಹವಣಿಸುತ್ತದೆ. ಬರೆಯಬಾರದು.
ಒಬ್ಬರ ಚಿತ್ರ ಏನನ್ನೂ ಸಾಬೀತು ಮಾಡದು,
ಡಾಕ್ಟರ್ ಸುಂಡೆಲಿನ್ ಎಚ್ಚರಿಸುತ್ತಲೇ ಇರುತ್ತಾರೆ:
ಇಂಥವರು ಅರವತ್ತು ಬೇಕು, ನಿದ್ದೆ ಬರುವವರು ಅರವತ್ತು ಬೇಕು,
ಆಮೇಲೂ ಇದು ಕಬ್ಬಿಣದ ಕಡಲೆಯೇ.

ಇನ್ನೊಂದು ನಿಯಮ: ಕದಲಿದ ಚಿತ್ರ ಲೆಕ್ಕಕ್ಕಿಲ್ಲ.
ಹೆಬ್ಬೆರಳಿನ ಸುದ್ದಿ ತಲೆಯವರೆಗೆ ಮುಟ್ಟಿ
ಕಲ್ಲೆಸೆದ ಕೆರೆಯಂತೆ ಮಿದುಳು ಅಲೆ ಅಲೆ.
ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು
ಸ್ವಲ್ಪ ಹೊತ್ತು ಕೂತೆ. ನನ್ನ ಕಾಲೂ
ಮೇಜಿನ ಕೆಳಗೆ ಏನನ್ನೋ ಒತ್ತುತ್ತಿತ್ತು.

ಅಷ್ಟರಲ್ಲಿ ಅವಳು ಕಾರಿಡಾರಿನಲ್ಲಿದ್ದಳು,
ಕಾಲುಚೀಲದಲ್ಲೇ. "ಚೆನ್ನಾಗಿ ಬಂತಾ?"
ಇನ್ನೊಮ್ಮೆ ತೆಗೆಯಬೇಕು ಎಂದೆ.
"ತೆಗೆಯೋಣ. ಮೊದಲು ಆ ತುದಿಯವರೆಗೆ ಬಾ."
ಬಾಗಿಲುಗಳನ್ನು ಎಣಿಸುತ್ತ ನಡೆದಳು.
ಹದಿನಾಲ್ಕೇ ಇದ್ದವು. ತಿರುಗಿ
ಹದಿನೈದರಿಂದ ಎಣಿಸತೊಡಗಿದಳು.