ಕಾರಣ ಬರೆಯುವ ಚೌಕ

ಬ್ಯಾಡಗಿಯಿಂದ ಹೋದ ಮುನ್ನೂರು ಚೀಲ ಮೆಣಸಿನಕಾಯಿ
ಕಡಲು ನೋಡಿ ವಾಪಸು ಬಂದಿವೆ.
ಜೊತೆಗೊಂದು ಕಾಗದ: ಎರಡು ದೇಶಗಳ ಒಪ್ಪಂದ,
ಆರನೇ ಅನುಬಂಧ, ಬೂಷ್ಟಿನ ವಿಷ
ಶತಕೋಟಿಗೆ ಹತ್ತು ಪಾಲು ಮೀರಬಾರದು.
ನಮ್ಮದು ಹದಿನಾಲ್ಕು.

"ಶತಕೋಟಿ ಅಂದ್ರ ಎಷ್ಟ್ರೀ?" ಕೇಳಿದಳು ಮೌಲಾಬಿ,
ತೊಟ್ಟು ಮುರಿಯುವ ಕೈ ನಿಲ್ಲಿಸದೆ.
ಈ ಗೋದಾಮಿನ ಕಾಯೆಲ್ಲ ಎಣಿಸಿದರೂ
ಅಷ್ಟಾಗಲಿಕ್ಕಿಲ್ಲ ಅಂದೆ.
"ಅದರಾಗ ನಾಕು ಹೆಚ್ಚಾದ್ರ ಕಂಡುಹಿಡೀತಾರಾ!
ನಮ್ಮ ಕೂಲಿಯಾಗ ನಲವತ್ತು ಕಡಿಮಿ ಬಂದ್ರ
ಯಾರೂ ನೋಡಂಗಿಲ್ಲ."
ಪಕ್ಕದ ಚನ್ನವ್ವ ನಕ್ಕಳು, ನಗು ಕೆಮ್ಮಾಯಿತು.

ಕಾಗದದ ತುದಿಗೆ ಖಾಲಿ ಚೌಕ: ಕಾರಣ ತಿಳಿಸಿ.
ನನಗೆ ಗೊತ್ತು. ಮಾಘದ ಒಂದು ಸಂಜೆ
ಒಣಕಾಯಿ ಒತ್ತುವಾಗ ಪುಡಿಯಾಗಬಾರದೆಂದು
"ಸ್ವಲ್ಪ ನೀರು ಹೊಡೀರಿ" ಎಂದವ ನಾನೇ.
ತೊಯ್ದ ಕಾಯಿ ಎಷ್ಟು ಕೆಂಪಗೆ ಹೊಳೆದಿತ್ತು!
ತೂಕವೂ ಬಂದಿತ್ತು. ಸಾಹುಕಾರರು ಎಲ್ಲರಿಗೂ ಚಹಾ ತರಿಸಿದ್ದರು.

ಚೌಕದಲ್ಲಿ ಬರೆದೆ: ಹವಾಮಾನ.

ಹೊತ್ತು ಮುಳುಗಿದ ಮೇಲೆ
ಚೀಲದ ಮೇಲಿನ ಪರದೇಶದ ಅಕ್ಷರ ಉಜ್ಜಿ
ಲಾರಿಗೆ ಏರಿಸಿದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.
ಹುಬ್ಬಳ್ಳಿಯ ಖಾರದ ಗಿರಣಿಗೆ ಯಾವ ಅನುಬಂಧ?

ಮೌಲಾಬಿ ಎಂದಿನಂತೆ ಉದುರಿದ ಕಾಯಿ
ಸೆರಗಿಗೆ ಕಟ್ಟಿಕೊಂಡು ಹೊರಟಿದ್ದಳು.
"ಬ್ಯಾಡ, ಇಟ್ಟು ಹೋಗು" ಅಂದೆ.
"ಯಾಕ್ರೀ, ಹಿಡಿ ಕಾಯಿಗೂ ಲೆಕ್ಕ ಇಟ್ಟೀರೇನು?"
ಹೂಂ ಅಂದೆ.
ಬೇರೇನು ಹೇಳಲಿ?

ಸೆರಗು ಬಿಚ್ಚಿದಳು.
ಒಂದೊಂದೇ ಕಾಯಿ, ನನಗೆ ಕೇಳುವಂತೆ ಎಣಿಸುತ್ತ,
ನನ್ನ ಮೇಜಿನ ಮೇಲೆ ಇಡತೊಡಗಿದಳು.